ಕರ್ನಲ್ ಬಿಂಗ್‌ಹ್ಯಾಮ್ ಮತ್ತು ಮಖಮಲ್ ಇರುವೆ

ನಾಡಹಬ್ಬದ ಸಂಚಿಕೆಯಲ್ಲಿ ಪರದೇಶದ ದಂಡಿನ ಅಧಿಕಾರಿಯೊಬ್ಬರ ಚರಿತ್ರೆಗೆ ಏನು ಕೆಲಸ ಎಂದು ವಾಚಕರು ಕೇಳಿಯಾರು. ಕನ್ನಡದಲ್ಲಿ ಕವಿಗಳಿಲ್ಲವೆ, ದಾಸರಿಲ್ಲವೆ, ಶರಣರಿಲ್ಲವೆ, ಏಕೀಕರಣಕ್ಕಾಗಿ ದುಡಿದ ಹಿರಿಯರಿಲ್ಲವೆ? ಇದ್ದಾರೆ. ಅವರ ವಿಷಯವನ್ನು ನಮಗಿಂತ ಬಲ್ಲವರು ವರ್ಷವರ್ಷವೂ ಬರೆಯುತ್ತಲೇ ಬಂದಿದ್ದಾರೆ. ನಾವು ಈ ಸಲ ಬೇರೊಂದು ದಾರಿ ಹಿಡಿದುದಕ್ಕೆ ಕಾರಣ ಒಂದು ಹುಳು.

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ವಾಶಿಯ ಸದಸ್ಯರೊಬ್ಬರ ಮೊಮ್ಮಗಳು ಹೊನ್ನಾವರದ ಕಡೆಯ ತಮ್ಮ ಹಳ್ಳಿಗೆ ಹೋಗಿದ್ದಳು. ಮನೆಯ ಹಿಂದಿನ ಮರಳು ದಿಬ್ಬದ ಮೇಲೆ ಒಂದು ಹುಳು ಸರಸರನೆ ಓಡುತ್ತಿತ್ತು. ಎದೆ ಇಟ್ಟಿಗೆಯ ಕೆಂಪು, ಹೊಟ್ಟೆ ಕಪ್ಪು, ಕಪ್ಪಿನ ಮೇಲೆ ಸುಣ್ಣದ ಬೊಟ್ಟಿಟ್ಟಂತೆ ಬಿಳಿಯ ಚುಕ್ಕೆಗಳು, ಮೈತುಂಬ ನವಿರಾದ ಕೂದಲು. ಹುಡುಗಿ ಕೈಚಾಚಿದಳಂತೆ; ಅಷ್ಟರಲ್ಲಿ ಯಾರೋ ತಡೆದರು, ಬದುಕಿದಳು. ಫೋನಿನಲ್ಲಿ ಚಿತ್ರ ಹಿಡಿದುಕೊಂಡು ಮನೆಮಂದಿಯನ್ನೆಲ್ಲ ಕೇಳಿದಳು. ಅಜ್ಜಿ ಅದು ಇಂದ್ರಗೋಪ ಎಂದರು. ಅಜ್ಜ ಗೊದ್ದದಲ್ಲೇ ಯಾವುದೋ ಒಂದು ಬಗೆ ಎಂದರು. ಪಕ್ಕದ ಮನೆಯ ಮಾಸ್ತರರು, ಕಣಜದ ಮರಿ ಇರಬೇಕು, ರೆಕ್ಕೆ ಇನ್ನೂ ಮೂಡಿಲ್ಲ ಎಂದು ತೀರ್ಪುಕೊಟ್ಟರು. ಮೂವರದೂ ತಪ್ಪು, ಆದರೆ ಮಾಸ್ತರರ ತಪ್ಪು ಸತ್ಯಕ್ಕೆ ಎಲ್ಲರಿಗಿಂತ ಹತ್ತಿರದ್ದು. ಹುಡುಗಿ ವಾಶಿಗೆ ಹಿಂದಿರುಗಿದ ಮೇಲೆ ಆ ಚಿತ್ರ ನಮ್ಮ ಮುಂದೆ ಬಂದಿತು. ಅದರ ಹೆಸರು ಹುಡುಕುತ್ತ ಹೋದವರಿಗೆ ಸಿಕ್ಕವರು ಚಾರ್ಲ್ಸ್ ಥಾಮಸ್ ಬಿಂಗ್‌ಹ್ಯಾಮ್.

ಮೊದಲು ಹುಳುವಿನ ವಿಷಯ ಹೇಳಿಬಿಡುವುದು ಒಳ್ಳೆಯದು; ಇಲ್ಲದಿದ್ದರೆ ಈ ಮಹಾಶಯರ ಕಷ್ಟ ತಿಳಿಯಲಾರದು.

ಮಖಮಲ್ ಇರುವೆ ಎಂಬುದು ಇಂಗ್ಲಿಷಿನವರ ಹೆಸರನ್ನೇ ನಾವು ಕನ್ನಡಕ್ಕೆ ತಂದುಕೊಂಡದ್ದು. ಆ ಹೆಸರಿನಲ್ಲಿ ಎರಡು ಮಾತುಗಳಿವೆ, ಎರಡನೆಯದು ಸುಳ್ಳು. ಮೈಮೇಲೆ ಮಖಮಲ್ಲಿನಂಥ ರೋಮವಿರುವುದು ದಿಟ. ಆದರೆ ಅದು ಇರುವೆಯಲ್ಲ, ಕಣಜ. ಹೆಣ್ಣಿಗೆ ಹುಟ್ಟಿನಿಂದ ಸಾವಿನವರೆಗೆ ರೆಕ್ಕೆಯೇ ಇಲ್ಲ. ಗಂಡಿಗೆ ರೆಕ್ಕೆಯುಂಟು, ಹೂವಿನಿಂದ ಹೂವಿಗೆ ಹಾರುತ್ತದೆ. ಅದಕ್ಕೆ ಕೊಂಡಿ ಇಲ್ಲ. ಕಣಜ, ಜೇನು, ಇರುವೆಗಳ ಕೊಂಡಿ ಮೂಲತಃ ಮೊಟ್ಟೆಯಿಡುವ ನಳಿಗೆಯಿಂದ ಆದದ್ದಾದ್ದರಿಂದ ಚುಚ್ಚುವ ಅಧಿಕಾರ ಹೆಣ್ಣಿನದೇ. ಈ ಹೆಣ್ಣಿನ ಕೊಂಡಿಯಂತೂ ಬಲು ಉದ್ದ, ನೋವೂ ವಿಪರೀತ. ಅಮೆರಿಕದ ಒಂದು ದೊಡ್ಡ ಬಗೆಗೆ ಅಲ್ಲಿನ ರೈತರು ಹಸುವನ್ನು ಕೊಲ್ಲುವ ಹುಳು ಎಂದೇ ಹೆಸರಿಟ್ಟಿದ್ದಾರೆ. ಹಸು ಸಾಯುವುದಿಲ್ಲ; ಕಡಿಸಿಕೊಂಡವನಿಗೆ ಹಾಗೆ ಅನ್ನಿಸಿರಬೇಕು.

ಇರುವೆಯಿಂದ ಇದನ್ನು ಬೇರ್ಪಡಿಸುವುದು ಹೇಗೆ? ಇರುವೆಯ ಸಪೂರ ಸೊಂಟದಲ್ಲಿ ಎದ್ದುನಿಂತ ಗಂಟೊಂದಿರುತ್ತದೆ, ಕೆಲವಕ್ಕೆ ಎರಡು. ಮೀಸೆ ಮೊಣಕೈಯಂತೆ ಮಡಿದಿರುತ್ತದೆ. ಮಖಮಲ್ ಇರುವೆಗೆ ಅಂಥ ಗಂಟಿಲ್ಲ, ಮೀಸೆಗೆ ಅಂಥ ಮಡಿಕೆಯಿಲ್ಲ. ಇಂದ್ರಗೋಪ ಬೇರೆಯೇ ಪ್ರಾಣಿ. ಮೃಗಶಿರೆಯ ಮಳೆಗೆ ನೆಲದಿಂದೆದ್ದು ಬರುವ ಆ ಕೆಂಪು ಮುದ್ದೆಗೆ ಎಂಟು ಕಾಲುಗಳು, ಜೇಡಕ್ಕೂ ಉಣ್ಣಿಗೂ ನಂಟ, ಪಾಪದ ಪ್ರಾಣಿ. ಅಜ್ಜಿಯ ಕಣ್ಣಿಗೆ ಕಂಡದ್ದು ಕೆಂಪು ಮತ್ತು ನವಿರು. ಹಳೆಯ ಕಾವ್ಯ ಕೇಳಿ ಬೆಳೆದವರಿಗೆ ಆ ಎರಡು ಸೇರಿದರೆ ಇಂದ್ರಗೋಪವೇ ನೆನಪಾಗುವುದು ಸಹಜ.

ಇನ್ನು ಅದರ ಸಂಸಾರ. ಹೆಣ್ಣು ಬಿಸಿಲಲ್ಲಿ ಮರಳು ನೆಲದ ಮೇಲೆ ಅಲೆಯುತ್ತ ನೆಲದಲ್ಲಿ ಗೂಡು ಕೊರೆಯುವ ಒಂಟಿ ಜೇನುಗಳ, ಕಣಜಗಳ ಬಿಲವನ್ನು ಅರಸುತ್ತದೆ. ಬಿಲ ಸಿಕ್ಕರೆ ಒಳಹೊಕ್ಕು, ಕೋಶವನ್ನು ಒಡೆದು, ಮೇದು ಮುಗಿಸಿ ಮಲಗಿದ ಪರರ ಮರಿಯ ಮೇಲೆ ಒಂದು ಮೊಟ್ಟೆಯಿಟ್ಟು ಹೊರಬರುತ್ತದೆ. ಒಡೆದ ಮೊಟ್ಟೆಯಿಂದ ಬಂದ ಹುಳು ಆ ಮರಿಯನ್ನೇ ತಿಂದು, ಆ ಕೋಶದಲ್ಲೇ ಗೂಡುಕಟ್ಟಿ ಬೆಳೆಯುತ್ತದೆ. ಬಿಲದ ಒಡತಿ ಎದುರಾದರೆ? ಅದಕ್ಕಾಗಿಯೇ ಇದರ ಮೈಮೇಲಿನ ಚಿಪ್ಪು ಕಬ್ಬಿಣದಂತಿದೆ. ವಸ್ತುಸಂಗ್ರಹಾಲಯಕ್ಕಾಗಿ ಇದಕ್ಕೆ ಸೂಜಿ ಚುಚ್ಚಹೋದರೆ ಸೂಜಿಯೇ ಬಾಗುವುದುಂಟು. ಹಿಡಿದರೆ ಹೊಟ್ಟೆಯ ಉಂಗುರಗಳನ್ನು ಒಂದಕ್ಕೊಂದು ಉಜ್ಜಿ ಕಿರ್ರೆಂದು ಸದ್ದನ್ನೂ ಮಾಡುತ್ತದೆ.

ಕೀಟಶಾಸ್ತ್ರದ ಮುಖ್ಯ ತೊಡಕು ಇಲ್ಲಿಂದ ಆರಂಭ. ಗಂಡಿಗೂ ಹೆಣ್ಣಿಗೂ ಆಕಾರದಲ್ಲಿ ಹೋಲಿಕೆಯಿಲ್ಲ, ಬಣ್ಣದಲ್ಲಿ ಹೋಲಿಕೆಯಿಲ್ಲ, ಇರುವ ಜಾಗವೂ ಬೇರೆ. ಗಂಡನನ್ನು ಹೂವಿನ ಮೇಲೆ ಹಿಡಿದವನು ಅದಕ್ಕೆ ಒಂದು ಹೆಸರಿಟ್ಟ. ಹೆಂಡತಿಯನ್ನು ನೆಲದ ಮೇಲೆ ಹಿಡಿದವನು ಇನ್ನೊಂದು ಹೆಸರಿಟ್ಟ. ಒಂದೇ ಮನೆಯ ಇಬ್ಬರು ಎರಡು ಪುಸ್ತಕಗಳಲ್ಲಿ ಪರಕೀಯರಾಗಿ ಉಳಿದರು. ಹೀಗೆ ಎಷ್ಟು ಮನೆಗಳು ಒಡೆದಿವೆಯೋ ಇಂದಿಗೂ ಪೂರ್ತಿ ಲೆಕ್ಕ ಸಿಕ್ಕಿಲ್ಲ. ಭಾರತದ ಮಟ್ಟಿಗೆ ಈ ಗೋಜಲನ್ನು ಒಂದೇ ಪುಸ್ತಕದೊಳಗೆ ತಂದು, ಕ್ರಮಕ್ಕೆ ಹಚ್ಚಲು ಕುಳಿತವರು ಬಿಂಗ್‌ಹ್ಯಾಮ್ ಅವರು.

ಅವರು ಹುಟ್ಟಿದುದು 1848ರ ಏಪ್ರಿಲ್ 16ರಂದು. ಹಳೆಯ ಐರಿಷ್ ಮನೆತನ. ಆ ಕಾಲದ ಅಂಥ ಎಷ್ಟೋ ಮನೆತನಗಳ ಹುಡುಗರಂತೆ ಇವರಿಗೂ ಹಿಂದುಸ್ಥಾನದ ದಂಡಿನ ಚಾಕರಿಯೇ ಗೊತ್ತಾಯಿತು. ಮೊದಲು ಸೇರಿದುದು ಬೊಂಬಾಯಿ ಸ್ಟಾಫ್ ಕೋರ್ ಎಂಬ ಅಧಿಕಾರಿಗಳ ಪಡೆಗೆ; ಆಮೇಲೆ ಬಂಗಾಳದ ಪಡೆಗೆ ವರ್ಗವಾಯಿತು. ಮುಂದೆ ಪದವಿ ಏರುತ್ತ ಕರ್ನಲ್ ಎನಿಸಿಕೊಂಡರು. ಆದರೆ ಅವರ ಕೀರ್ತಿ ಕತ್ತಿಯಿಂದ ಬಂದುದಲ್ಲ.

ಮೊದಲಿನ ಹುಚ್ಚು ಹಕ್ಕಿಗಳದು. ದೆಹಲಿಯಲ್ಲಿ, ಅಲಹಾಬಾದಿನಲ್ಲಿ ಇದ್ದಾಗ ಬಿಡುವಿನ ವೇಳೆಯಲ್ಲಿ ಹಕ್ಕಿಯ ಗೂಡುಗಳನ್ನು ಹುಡುಕಿ, ಮೊಟ್ಟೆಗಳನ್ನು ಎಣಿಸಿ, ಯಾವ ತಿಂಗಳಲ್ಲಿ ಯಾವ ಹಕ್ಕಿ ಎಲ್ಲಿ ಗೂಡು ಕಟ್ಟಿತು ಎಂದು ಬರೆದಿಡುತ್ತಿದ್ದರು. ಕಾಂಗ್ರೆಸ್ಸಿನ ಸ್ಥಾಪನೆಯಿಂದ ನಮಗೆಲ್ಲ ಪರಿಚಿತರಾದ ಎ. ಒ. ಹ್ಯೂಮ್ ಅವರು ಆಗ ಭಾರತದ ಪಕ್ಷಿಶಾಸ್ತ್ರಕ್ಕೆ ಹಿರಿಯಣ್ಣನಂತಿದ್ದರು. ಅವರ ಪತ್ರಿಕೆಗೂ ಗೂಡು ಮೊಟ್ಟೆಗಳ ಅವರ ಗ್ರಂಥಕ್ಕೂ ಬಿಂಗ್‌ಹ್ಯಾಮ್ ಅವರ ಟಿಪ್ಪಣಿಗಳು ಹೋದವು. ಒಂದು ಜೀವಿಯನ್ನು ಕೊಂದು ಪೆಟ್ಟಿಗೆಯಲ್ಲಿಡುವುದಕ್ಕಿಂತ ಅದು ಬದುಕುವ ರೀತಿಯನ್ನು ಕಾದು ನೋಡುವ ಅಭ್ಯಾಸ ಅವರಿಗೆ ಹಿಡಿದುದು ಅಲ್ಲಿಯೇ ಎಂದು ನಮಗೆ ತೋರುತ್ತದೆ.

1877ರಲ್ಲಿ ಬ್ರಹ್ಮದೇಶಕ್ಕೆ, ಎಂದರೆ ಇಂದಿನ ಮ್ಯಾನ್ಮಾರಿಗೆ, ಅವರನ್ನು ಕಳಿಸಿದರು. ಅಲ್ಲಿ ಅರಣ್ಯ ಇಲಾಖೆಯ ಕೆಲಸ. ಮುಂದೆ ಕನ್ಸರ್ವೇಟರ್ ಹುದ್ದೆ. ತೆನಾಸ್ಸರಿಮ್ ಸೀಮೆ, ಸಾಲ್ವಿನ್ ನದಿ, ಸಯಾಮಿನ ಗಡಿಯ ತೌಂಗ್ಯಿನ್ ಕಣಿವೆ. ತೇಗದ ಕಾಡು, ಮಳೆ, ಜಿಗಣೆ, ಆನೆ. ಕಾಡಿನ ಅಧಿಕಾರಿಗೆ ದಾರಿ ಸವೆಸುವುದೇ ಕೆಲಸ. ಹುಳುಗಳನ್ನು ನೋಡುವವನಿಗೆ ಅದಕ್ಕಿಂತ ಒಳ್ಳೆಯ ಚಾಕರಿ ಯಾವುದಿದ್ದೀತು? ಹಕ್ಕಿಗಳನ್ನು ಬಿಡದೆಯೇ ಅವರು ಕೀಟಗಳತ್ತ ತಿರುಗಿದರು. ಈ ಎರಡೂ ಸೇರಿದ ಒಂದು ಪ್ರಸಂಗವುಂಟು. ಹಕ್ಕಿಗಳು ಚಿಟ್ಟೆಗಳನ್ನು ನಿಜವಾಗಿ ಹಿಡಿದು ತಿನ್ನುತ್ತವೆಯೆ ಎಂಬ ವಿಷಯದಲ್ಲಿ ಯುರೋಪಿನ ಪಂಡಿತರಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಒಂದು ಚಿಟ್ಟೆ ಇನ್ನೊಂದರ ವೇಷ ಹಾಕುವುದು ಹಕ್ಕಿಗೆ ಹೆದರಿ ಎಂಬ ವಾದವೆಲ್ಲ ಅದರ ಮೇಲೆ ನಿಂತಿತ್ತು. ಕುರ್ಚಿಯಲ್ಲಿ ಕುಳಿತು ವಾದಿಸುವವರಿಗೆ ಸಾಕ್ಷಿ ಬೇಕಾಗಿತ್ತು. ಬ್ರಹ್ಮದೇಶದಲ್ಲಿ ಕಳ್ಳಿಪೀರ ಹಕ್ಕಿಗಳು ಚಿಟ್ಟೆಗಳನ್ನು ಬೆನ್ನಟ್ಟಿ ಹಿಡಿಯುವುದನ್ನು ಕಣ್ಣಾರೆ ಕಂಡ ಬಿಂಗ್‌ಹ್ಯಾಮ್ ಅವರ ಸಾಕ್ಷ್ಯವನ್ನು ಆ ಪಂಡಿತರು ಮತ್ತೆ ಮತ್ತೆ ಬಳಸಿಕೊಂಡರು.

1894ರಲ್ಲಿ ನಿವೃತ್ತಿ. ಅಂದಿಗೆ ವಯಸ್ಸು 46. ಪಿಂಚಣಿ ತೆಗೆದುಕೊಂಡು ಲಂಡನ್ನಿಗೆ ಹೋದ ಕರ್ನಲ್‌ಗಳು ಸಾಮಾನ್ಯವಾಗಿ ಕ್ಲಬ್ಬಿನಲ್ಲಿ ಕುಳಿತು ಹುಲಿಯ ಕತೆ ಹೇಳುತ್ತ ಕಾಲ ಕಳೆಯುವುದು ವಾಡಿಕೆ. ಇವರು ನೆಟ್ಟಗೆ ಸೌತ್ ಕೆನ್ಸಿಂಗ್ಟನ್ನಿನ ಪ್ರಕೃತಿ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಹೋಗಿ ಕೀಟಗಳ ಕೋಣೆಯಲ್ಲಿ ಕೆಲಸಕ್ಕೆ ಕುಳಿತರು. ಸಂಬಳವಿಲ್ಲದ ಕೆಲಸ. ಕೊಂಡಿಯುಳ್ಳ ಹುಳುಗಳ, ಎಂದರೆ ಕಣಜ, ಜೇನು, ಇರುವೆಗಳ, ಪೆಟ್ಟಿಗೆಗಳನ್ನು ಹೊಂದಿಸಿ ಪಟ್ಟಿ ಮಾಡುವುದು ಅವರ ಪಾಲಿಗೆ ಬಂದಿತು. ವರ್ಷಗಟ್ಟಲೆ ಕಾಡಿನಲ್ಲಿ ಓಡಾಡಿದ ಮನುಷ್ಯನು ಮಂಜು ಕವಿದ ಊರಿನ ಒಂದು ಕೋಣೆಯಲ್ಲಿ ಭೂತಗನ್ನಡಿ ಹಿಡಿದು ಸತ್ತ ಹುಳುಗಳ ಮೀಸೆಯ ಗಿಣ್ಣುಗಳನ್ನು ಎಣಿಸತೊಡಗಿದ ಚಿತ್ರವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಎಣಿಸುವುದು ಹಾಸ್ಯವಲ್ಲ. ಮಖಮಲ್ ಇರುವೆಯ ಹೆಣ್ಣಿನ ಮೀಸೆಗೆ 12 ಗಿಣ್ಣು, ಗಂಡಿಗೆ 13.

ಆಗ ಸರಕಾರದ ಆಶ್ರಯದಲ್ಲಿ ಭಾರತ, ಸಿಂಹಳ, ಬ್ರಹ್ಮದೇಶಗಳ ಪ್ರಾಣಿಗಳನ್ನು ಕುರಿತ ದೊಡ್ಡ ಗ್ರಂಥಮಾಲೆಯೊಂದು ಹೊರಡುತ್ತಿತ್ತು. ಅದರ ಸಂಪಾದಕರು ಭೂವಿಜ್ಞಾನಿ ಬ್ಲ್ಯಾನ್‌ಫರ್ಡ್. ಮೊದಲು ಸಸ್ತನಿಗಳು, ಹಕ್ಕಿಗಳು, ಹಾವುಗಳು. ಕಣಜ ಮತ್ತು ಜೇನುಗಳ ಪಾಳಿ ಬಂದಾಗ ಅದನ್ನು ಬಿಂಗ್‌ಹ್ಯಾಮ್ ಅವರಿಗೆ ಒಪ್ಪಿಸಿದರು. 1897ರಲ್ಲಿ ಆ ಸಂಪುಟ ಅಚ್ಚಾಯಿತು. ಅದರ ಮುಂಭಾಗದಲ್ಲಿಯೇ ಮಖಮಲ್ ಇರುವೆಗಳು ಬರುತ್ತವೆ.

ಅವರ ಮುಂದಿದ್ದ ಸಾಮಗ್ರಿ ಎಂಥದು? ವಸ್ತುಸಂಗ್ರಹಾಲಯದಲ್ಲಿಯೇ ಕೆಲಸ ಮಾಡಿ 1879ರಲ್ಲಿ ತೀರಿಕೊಂಡ ಫ್ರೆಡರಿಕ್ ಸ್ಮಿತ್ ಅವರು ಹೆಸರಿಟ್ಟ ಹುಳುಗಳು ಕೈಗೆಟಕುವಂತಿದ್ದವು. ಪೀಟರ್ ಕ್ಯಾಮರನ್ ಎಂಬವರು ರಾಥ್ನಿ ಎಂಬ ಉತ್ಸಾಹಿಗಳು ಬಂಗಾಳದ ಕಡೆ ಹಿಡಿದ ಹುಳುಗಳಿಗೆ ಸಾಲುಸಾಲಾಗಿ ಹೆಸರಿಟ್ಟಿದ್ದರು. ಅವರ ವರ್ಣನೆಗಳು ಮೊಟಕು, ಅವಸರದವು. ಇಟಲಿಯ ಫೇಯಾ ಬ್ರಹ್ಮದೇಶದಲ್ಲಿ ಸಂಗ್ರಹಿಸಿದ ಮಖಮಲ್ ಇರುವೆಗಳನ್ನು ಮ್ಯಾಗ್ರೆಟ್ಟಿ 1892ರಲ್ಲಿ ವರ್ಣಿಸಿದ್ದರು. ಹಳೆಯ ಫ್ರೆಂಚರ, ಜರ್ಮನರ ಪುಸ್ತಕಗಳು ಬೇರೆ. ನಾಲ್ಕಾರು ಭಾಷೆ, ಹತ್ತಾರು ಊರಿನ ಪೆಟ್ಟಿಗೆಗಳು, ಒಂದೇ ಹುಳುವಿಗೆ ಎರಡು ಹೆಸರು, ಒಂದೇ ಹೆಸರಿನಡಿ ಎರಡು ಹುಳು. ಎಷ್ಟೋ ಪ್ರಭೇದಗಳಲ್ಲಿ ಹೆಣ್ಣೊಂದೇ ಗೊತ್ತು, ಗಂಡು ಗೊತ್ತಿಲ್ಲ. ಇನ್ನೆಷ್ಟೋ ಇದಕ್ಕೆ ತಿರುಗುಮುರುಗು.

ಇಲ್ಲಿ ಹೆಸರಿನ ಕ್ರಮದ ವಿಷಯ ಎರಡು ಮಾತು. ಮುಂಬಯಿಗೆ ಬಂದ ಹೊಸದರಲ್ಲಿ ನಮ್ಮಲ್ಲಿ ಅನೇಕರಿಗೆ ಅರ್ಜಿ ತುಂಬುವುದೇ ಒಂದು ಸಂಕಟವಾಗಿತ್ತು. ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂದು ಮೂರು ಖಾನೆ. ಅಡ್ಡಹೆಸರೇ ಇಲ್ಲದವರು ಊರಿನ ಹೆಸರನ್ನೋ ಅಜ್ಜನ ಹೆಸರನ್ನೋ ಬರೆದು ಆ ಖಾನೆಯನ್ನು ತುಂಬಿದರು. ಮಕ್ಕಳ ಕಾಲಕ್ಕೆ ಅದೇ ಮನೆತನದ ಹೆಸರಾಗಿ ನಿಂತುಹೋಯಿತು. ಪ್ರಾಣಿಗಳಿಗೂ ಅದೇ ಬಗೆಯ ನಿಯಮ. ಸ್ವೀಡನ್ನಿನ ಲಿನೀಯಸ್ 1758ರ ತನ್ನ ಗ್ರಂಥದಲ್ಲಿ ಪ್ರತಿ ಪ್ರಾಣಿಗೂ ಎರಡು ಮಾತಿನ ಹೆಸರಿಟ್ಟ. ಮೊದಲನೆಯದು ಜಾತಿಯ ಹೆಸರು, ಅಡ್ಡಹೆಸರಿದ್ದಂತೆ. ಎರಡನೆಯದು ಪ್ರಭೇದದ ಹೆಸರು, ಸ್ವಂತ ಹೆಸರಿದ್ದಂತೆ. ಹಲವು ಜಾತಿ ಸೇರಿ ಒಂದು ಕುಟುಂಬ. ಮಖಮಲ್ ಇರುವೆಗಳಿಗೆ ಲಿನೀಯಸ್ ಇಟ್ಟ ಜಾತಿಯ ಹೆಸರು ಮ್ಯುಟಿಲ್ಲ. ಮೊಟಕಾದದ್ದು ಎಂಬರ್ಥದ ಲ್ಯಾಟಿನ್ ಮಾತನ್ನು ಅದು ನೆನಪಿಗೆ ತರುತ್ತದೆ.

ಬಿಂಗ್‌ಹ್ಯಾಮ್ ಅವರು ಭಾರತದ ಈ ಹುಳುಗಳಲ್ಲಿ ಹೆಚ್ಚಿನವನ್ನೆಲ್ಲ ಮ್ಯುಟಿಲ್ಲ ಎಂಬ ಆ ಒಂದೇ ಜಾತಿಯಲ್ಲಿರಿಸಿದರು. ಮುಂಬಯಿಯಲ್ಲಿ ಒಂದು ಕಾಲಕ್ಕೆ ವಿಂಧ್ಯದ ತೆಂಕಣಿಂದ ಬಂದವರೆಲ್ಲರೂ ಮದ್ರಾಸಿಗಳೇ ಆಗಿದ್ದರಷ್ಟೆ! ಕನ್ನಡಿಗ, ತುಳುವ, ತೆಲುಗ, ತಮಿಳ, ಮಲೆಯಾಳಿ ಎಂಬ ಭೇದ ಕರೆಯುವವರಿಗೆ ಬೇಕಿರಲಿಲ್ಲ. ಮ್ಯುಟಿಲ್ಲ ಎಂಬ ಹೆಸರೂ ಹಾಗೆಯೇ ದೊಡ್ಡದೊಂದು ಚಾವಡಿಯಾಗಿತ್ತು. ಆದರೆ ಒಂದು ವ್ಯತ್ಯಾಸವುಂಟು. ಆ ಚಾವಡಿಯೊಳಗೆ ಯಾರು ಯಾರು ಕುಳಿತಿದ್ದಾರೆ ಎಂಬುದನ್ನು ಬಿಂಗ್‌ಹ್ಯಾಮ್ ಅವರು ಒಬ್ಬೊಬ್ಬರನ್ನೂ ಮಾತನಾಡಿಸಿ ಬರೆದಿಟ್ಟರು.

ಅದಕ್ಕೆ ಅವರು ಬಳಸಿದ ಉಪಾಯ ಗುರುತಿನ ಕೀಲಿ. ಆ ಗ್ರಂಥಮಾಲೆಯ ಪದ್ಧತಿಯೇ ಅದು. ಪ್ರತಿ ಮೆಟ್ಟಿಲಲ್ಲಿಯೂ ಎದುರುಬದುರಾದ ಎರಡು ಲಕ್ಷಣಗಳನ್ನು ಕೊಡುತ್ತಾರೆ. ಕೈಯಲ್ಲಿರುವ ಹುಳುವಿಗೆ ಒಂದು ಹೊಂದೀತು, ಇನ್ನೊಂದು ಹೊಂದಲಾರದು. ಹೊಂದಿದ ಕಡೆಗೆ ಹೋದರೆ ಮತ್ತೆರಡು ಲಕ್ಷಣ. ಎದೆಯ ಪೆಟ್ಟಿಗೆ ಉದ್ದವೋ ಚೌಕವೋ, ಕಣ್ಣು ದುಂಡೋ ಕಚ್ಚುಳ್ಳದ್ದೋ, ಹೊಟ್ಟೆಯ ಎರಡನೆಯ ಉಂಗುರದಲ್ಲಿ ಚುಕ್ಕೆ ಎಷ್ಟು, ತುದಿಯ ಫಲಕದಲ್ಲಿ ಗೀರುಗಳುಂಟೋ ಇಲ್ಲವೋ ಎಂದು ಇಂಥ ಹುಳುವನ್ನು ಕೇಳುತ್ತ ಹೋಗಬೇಕು. ಗಂಡನ್ನೂ ಹೆಣ್ಣನ್ನೂ ಒಂದೇ ಪ್ರಶ್ನೆಯಿಂದ ವಿಚಾರಿಸುವಂತಿಲ್ಲ. ಅವುಗಳಿಗೆ ಸಮಾನವಾದುದೇ ಅಪರೂಪ. ಈ ಪುಸ್ತಕ ಬರುವ ಮುನ್ನ ಕಾರವಾರದಲ್ಲಿಯೋ ಮಡಿಕೇರಿಯಲ್ಲಿಯೋ ಒಬ್ಬನು ಇಂಥ ಹುಳುವನ್ನು ಹಿಡಿದರೆ ಅದನ್ನು ಹಡಗಿನಲ್ಲಿ ಯುರೋಪಿಗೆ ಕಳಿಸಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಆಮೇಲೆ ಪುಸ್ತಕ ತೆರೆದು ತಾನೇ ನೋಡಬಹುದಾಯಿತು. ಶಾಸ್ತ್ರವು ಸಂಗ್ರಹಾಲಯದ ಬಾಗಿಲು ದಾಟಿ ಊರ ಅಂಗಳಕ್ಕೆ ಬರುವುದೆಂದರೆ ಇದೇ.

ಕಾರವಾರವೆಂದ ಮೇಲೆ ನಮ್ಮವರ ಹತ್ತಿರದ ಸಂಗತಿಗೆ ಬರಬಹುದು. ಆ ದಿನಗಳಲ್ಲಿ ಉತ್ತರ ಕನ್ನಡದ ಕಾಡು ಹುಳುಗಳ ವಿದ್ಯೆಗೆ ಒಂದು ಪಾಠಶಾಲೆಯೇ ಆಗಿತ್ತು. ಸಾತಾರದಲ್ಲಿ ಹುಟ್ಟಿದ ಎಡ್ವರ್ಡ್ ಏಟ್ಕನ್ ಅವರು ಉಪ್ಪು ಮತ್ತು ಸುಂಕದ ಇಲಾಖೆಯಲ್ಲಿದ್ದವರು. ನಮ್ಮ ವಾಶಿಯಿಂದ ತೆಂಕಲಿಗಿರುವ ಉರಣದಲ್ಲಿಯೂ ಕೆಲಸ ಮಾಡಿ, ಆಮೇಲೆ ಕಾರವಾರದ ಸೀಮೆಗೆ ಬಂದರು. 1883ರಲ್ಲಿ ಮುಂಬಯಿಯ ಪ್ರಕೃತಿ ಇತಿಹಾಸ ಸಂಘವನ್ನು ಕಟ್ಟಿದ ಎಂಟು ಜನರಲ್ಲಿ ಅವರೊಬ್ಬರು. ನಗೆ ಬೆರೆಸಿ ಬರೆಯುವುದರಲ್ಲಿ ಗಟ್ಟಿಗರು; ಅವರ ಬಂಗಲೆಯ ಕಪ್ಪೆ, ಕಾಗೆ, ಇರುವೆಗಳ ಪುಸ್ತಕಗಳನ್ನು ಓದಿದವರು ನಮ್ಮಲ್ಲಿಯೂ ಇದ್ದಾರು. ಅದೇ ಜಿಲ್ಲೆಯಲ್ಲಿ ಕಲೆಕ್ಟರರಾದ ಡೇವಿಡ್‌ಸನ್, ಅರಣ್ಯ ಇಲಾಖೆಯ ಬೆಲ್. ಬೆಲ್ ಅವರಂತೂ ನಿವೃತ್ತರಾದ ಮೇಲೂ ಊರಿಗೆ ಹೋಗದೆ ಕಾರವಾರದಲ್ಲಿಯೇ ನಿಂತು 1948ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದರು. ಈ ಮೂವರು ಸೇರಿ ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತು 1896 ಮತ್ತು 1897ರಲ್ಲಿ ಮುಂಬಯಿ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನಮಾಲೆ ಇಂದಿಗೂ ಹೆಸರಾದುದು. ಅದರ ಹೆಚ್ಚಳವೆಂದರೆ, ಅವರು ಬಲೆ ಬೀಸಿ ಚಿಟ್ಟೆ ಹಿಡಿದಷ್ಟಕ್ಕೆ ನಿಲ್ಲಲಿಲ್ಲ. ಕಂಬಳಿಹುಳುವನ್ನು ಮನೆಗೆ ತಂದು, ಅದರ ಸೊಪ್ಪು ತಿಳಿದು ಹಾಕಿ, ಕೋಶವಾಗುವವರೆಗೆ ಕಾದು, ಹೊರಬಂದ ಚಿಟ್ಟೆ ಯಾವುದೆಂದು ನೋಡಿದರು. ಯಾರು ಯಾರ ಮಗು ಎಂಬುದು ಊಹೆಯಾಗಿ ಉಳಿಯಲಿಲ್ಲ.

ಮುಂದೆ ಬಿಂಗ್‌ಹ್ಯಾಮ್ ಅವರು ಚಿಟ್ಟೆಗಳ ಸಂಪುಟಗಳನ್ನು ಬರೆದಾಗ ಕಂಬಳಿಹುಳುಗಳ ವರ್ಣನೆಗೆ ಈ ಮೂವರ ಬರೆಹವನ್ನು ಪದೇ ಪದೇ ಆಧಾರವಾಗಿ ಹಿಡಿದರು. ಇರುವೆಗಳಲ್ಲಿಯೂ ಹೀಗೆಯೇ. ಮುಂಬಯಿ ಪ್ರಾಂತದ ಅರಣ್ಯಾಧಿಕಾರಿ ರಾಟನ್ ಮತ್ತು ಏಟ್ಕನ್ ಹಿಡಿದ ಇರುವೆಗಳು ಸ್ವಿಟ್ಜರ್ಲೆಂಡಿನ ಫೊರೆಲ್ ಎಂಬ ವೈದ್ಯ ವಿದ್ವಾಂಸರ ಬಳಿಗೆ ಹೋದವು. ಅವುಗಳಲ್ಲಿ ದಂಡುಕಟ್ಟಿ ನಡೆಯುವ ಒಂದು ಇರುವೆಗೆ ಫೊರೆಲ್ ಅವರು 1901ರಲ್ಲಿ ಏಟ್ಕನ್ನರ ಹೆಸರನ್ನೇ ಇಟ್ಟರು. ಬಿಂಗ್‌ಹ್ಯಾಮ್ ಅವರ ಎರಡನೆಯ ಸಂಪುಟ, ಇರುವೆಗಳದು, 1903ರಲ್ಲಿ ಹೊರಬಂದಾಗ ನಮ್ಮ ಕರಾವಳಿಯ ಆ ಇರುವೆಗಳಿಗೆಲ್ಲ ಅದರಲ್ಲಿ ಸ್ಥಳ ದೊರೆಯಿತು. ಮಖಮಲ್ ಇರುವೆಗಳಿಗೆ ಮಾತ್ರ ಚಿಟ್ಟೆಗಳ ಆ ಭಾಗ್ಯ ಬರಲಿಲ್ಲ. ನೆಲದಡಿಯ ಬಿಲದಲ್ಲಿ, ಪರರ ಕೋಶದೊಳಗೆ ಬೆಳೆಯುವ ಹುಳುವನ್ನು ಮನೆಗೆ ತಂದು ಸಾಕುವವರಾರು?

ಆ ಕಾಲದ ಸ್ಥಳನಾಮಗಳನ್ನು ನೋಡುವಾಗ ರಾಜ್ಯೋತ್ಸವದ ಈ ಹೊತ್ತಿನಲ್ಲಿ ಒಂದು ವಿಷಯ ಕಣ್ಣಿಗೆ ಬೀಳದೆ ಇರದು. ಆ ಗ್ರಂಥಗಳಲ್ಲಿ ಹುಳು ದೊರೆತ ಊರಿನ ಹೆಸರಿರುತ್ತದೆ. ನಮ್ಮ ನಾಡಿನ ಹುಳುಗಳನ್ನು ಹುಡುಕುವವನು ಕರ್ನಾಟಕ ಎಂದು ಹುಡುಕಿದರೆ ಸಿಕ್ಕಲಾರದು. ಕಾರವಾರ ಬೊಂಬಾಯಿ ಪ್ರಾಂತದಲ್ಲಿ, ಮಂಗಳೂರು ಮದ್ರಾಸಿನಲ್ಲಿ, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿ, ಕೊಡಗು ತಾನೇ ಒಂದು. 1862ರವರೆಗೆ ಕಾರವಾರವೂ ಮದ್ರಾಸಿನದೇ. ಆ ವರ್ಷ ಅದನ್ನು ಬೊಂಬಾಯಿಗೆ ಕೂಡಿಸಿದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಳಗೆ ಬಂದಿತು, 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಹುಳು ಮಾತ್ರ ಕದಲಲಿಲ್ಲ. ಅದೇ ದಿಬ್ಬ, ಅದೇ ಬಿಲ. ಮುಂಬಯಿಯ ಹಳೆಯ ಕನ್ನಡಿಗರಲ್ಲಿ ಕೆಲವರು, ತಾವು ಬೇರೆ ರಾಜ್ಯದಿಂದ ಬಂದವರಲ್ಲ, ತಾವು ಬಂದಾಗ ಊರೂ ಬೊಂಬಾಯಿ ರಾಜ್ಯದಲ್ಲೇ ಇತ್ತು ಎಂದು ನಗುತ್ತ ಹೇಳುತ್ತಿದ್ದುದು ನಮಗೆ ನೆನಪಿದೆ.

ಬಿಂಗ್‌ಹ್ಯಾಮ್ ಅವರ ಕೊನೆಯ ವರ್ಷಗಳು ದುಡಿಮೆಯಲ್ಲಿಯೇ ಕಳೆದವು. ಲಂಡನ್ನಿನ ಕೀಟಶಾಸ್ತ್ರ ಸಂಘಕ್ಕೆ 1895ರಲ್ಲಿಯೇ ಸದಸ್ಯರಾಗಿದ್ದರು. 1903ರಿಂದ 1906ರವರೆಗೆ ಅದರ ಕಾರ್ಯಕಾರಿ ಸಮಿತಿಯಲ್ಲಿದ್ದರು. 1905ರಲ್ಲಿ ಬ್ಲ್ಯಾನ್‌ಫರ್ಡ್ ತೀರಿಕೊಂಡರು. ಇಡೀ ಗ್ರಂಥಮಾಲೆಯ ಸಂಪಾದಕತ್ವ ಬಿಂಗ್‌ಹ್ಯಾಮ್ ಅವರ ಹೆಗಲೇರಿತು. ಪರರ ಪುಸ್ತಕ ತಿದ್ದುತ್ತ ತಮ್ಮ ಪುಸ್ತಕವನ್ನೂ ಬರೆಯಬೇಕು. ಅದೇ 1905ರಲ್ಲಿ ಚಿಟ್ಟೆಗಳ ಮೊದಲ ಸಂಪುಟ, 1907ರಲ್ಲಿ ಎರಡನೆಯದು. ಮೂರನೆಯದು ಅವರ ಕೈಯಿಂದ ಬರಲಿಲ್ಲ. 1908ರ ಅಕ್ಟೋಬರ್ 18ರಂದು ಲಂಡನ್ನಿನ ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ಅವರು ಅಗಲಿದರು. 60 ವರ್ಷ ದೊಡ್ಡ ವಯಸ್ಸಲ್ಲ. ಸಂಪಾದಕರ ಕುರ್ಚಿಗೆ ಕೇಂಬ್ರಿಜಿನ ಶಿಪ್ಲಿ ಬಂದರು. ಏಷ್ಯದ ಒಂದು ಹೆಜ್ಜೇನಿನಷ್ಟು ಭಯಂಕರವಾದ ದೊಡ್ಡ ಕಣಜಕ್ಕೆ ಫ್ರಾನ್ಸಿನ ದ್ಯು ಬುಯ್ಸೋಂ 1905ರಲ್ಲಿ ಬಿಂಗ್‌ಹ್ಯಾಮ್ ಅವರ ಹೆಸರಿಟ್ಟಿದ್ದರು. ಆ ಹೆಸರು ಇಂದಿಗೂ ಅದರ ಮೇಲಿದೆ.

ಮಖಮಲ್ ಇರುವೆಗಳ ಚಾವಡಿ ಏನಾಯಿತು? ಅವರು ಬದುಕಿದ್ದಾಗಲೇ ಅದರ ಗೋಡೆ ಬಿರಿಯತೊಡಗಿತ್ತು. 1899ರಲ್ಲಿ, ಮತ್ತೆ 1903ರಲ್ಲಿ ಅಮೆರಿಕದ ಆಶ್ಮೀಡ್ ಅವರು ಮ್ಯುಟಿಲ್ಲ ಜಾತಿಯನ್ನು ಒಡೆದು ಹೊಸ ಜಾತಿಗಳನ್ನು ಕಟ್ಟಿದರು. ಹಾಗೆ ಹುಟ್ಟಿದ ಒಂದು ಜಾತಿಯ ಹೆಸರು ರಾಡೊಷ್ಕೋವ್‌ಸ್ಕಿಯಸ್. ಉಚ್ಚರಿಸುವುದು ಕಷ್ಟ, ನಾವೂ ಎರಡು ದಿನ ಅಭ್ಯಾಸ ಮಾಡಿದೆವು. ಅದು ರಶಿಯದ ಸೇನೆಯಲ್ಲಿ ಜನರಲ್ ಆಗಿದ್ದ ಪೋಲಿಷ್ ಕೀಟಶಾಸ್ತ್ರಜ್ಞ ರಾಡೊಷ್ಕೋವ್‌ಸ್ಕಿ ಅವರ ಸ್ಮರಣೆಗೆ. ಅವರೂ ಮಖಮಲ್ ಇರುವೆಗಳಿಗೆ ಮನಸೋತವರು. ಎರಡು ದೇಶದ ಇಬ್ಬರು ಯೋಧರು ರೆಕ್ಕೆಯಿಲ್ಲದ ಈ ಹುಳುವಿನ ಹಿಂದೆ ಬಿದ್ದುದು ಒಂದು ವಿಚಿತ್ರ! 1804ರಲ್ಲಿ ಫ್ಯಾಬ್ರೀಸಿಯಸ್ ಹೆಸರಿಟ್ಟ, ಭಾರತದ ಆಕ್ಯುಲೇಟ ಎಂಬ ಮ್ಯುಟಿಲ್ಲ ಈಗ ಆ ಜಾತಿಯಲ್ಲಿದೆ. 1920ರ ಸುಮಾರಿಗೆ ಜರ್ಮನಿಯ ಬಿಷೋಫ್ ಆಫ್ರಿಕದ ಮಖಮಲ್ ಇರುವೆಗಳನ್ನು ಕುರಿತು ದೊಡ್ಡ ಗ್ರಂಥ ಬರೆದಾಗ ವಿಂಗಡಣೆ ಇನ್ನೂ ಸೂಕ್ಷ್ಮವಾಯಿತು. ಶ್ರೀಲಂಕೆಯ ಹುಳುಗಳ ಮೇಲೆ ಅಮೆರಿಕದ ಕ್ರಾಂಬೈನ್ ದುಡಿದರು. ರಶಿಯದ ವ್ಲಾದಿವೊಸ್ತೋಕಿನ ಲೆಲೆಯ್ ಅವರು 2005ರಲ್ಲಿ ಪೂರ್ವದೇಶಗಳ ಮಖಮಲ್ ಇರುವೆಗಳ ಪಟ್ಟಿಯನ್ನೇ ಹೊರಡಿಸಿದರು. ಬಿಂಗ್‌ಹ್ಯಾಮ್ ಅವರು ಮ್ಯುಟಿಲ್ಲ ಎಂದ ಹುಳುಗಳು ಇಂದು ಹತ್ತಾರು ಜಾತಿಗಳಲ್ಲಿ ಹಂಚಿಹೋಗಿವೆ. ಪ್ರಪಂಚದಲ್ಲಿ ಇವುಗಳ ಪ್ರಭೇದಗಳು ನಾಲ್ಕು ಸಾವಿರಕ್ಕೂ ಮಿಕ್ಕಿವೆ. ಹಳೆಯ ಪುಸ್ತಕದ ಹೆಸರುಗಳು ಬಹುಮಟ್ಟಿಗೆ ಬದಲಾದುವು. ಆದರೆ ಈ ಕೆಲಸಕ್ಕೆ ಕೈಹಾಕಿದವರೆಲ್ಲರೂ ಆ 1897ರ ಪುಟಗಳನ್ನು ದಾಟಿಯೇ ಹೋಗಬೇಕು. ಕೋಯಿಕ್ಕೋಡಿನಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಕೇಂದ್ರದಲ್ಲಿ ಇತ್ತೀಚಿನ ವರ್ಷಗಳಲ್ಲಿ ಇವುಗಳ ಮೇಲೆ ನಡೆದ ಕೆಲಸವೂ ಅದಕ್ಕೆ ಹೊರತಲ್ಲ.

ಒಡೆದ ಮನೆಗಳನ್ನು ಕೂಡಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರಗಳು ಒಂದೊಂದಾಗಿ ಬಂದವು. ಕೆಲವು ಜಾತಿಗಳಲ್ಲಿ ಗಂಡು ಹೆಣ್ಣಿಗಿಂತ ದೊಡ್ಡದು. ಸಮಾಗಮದ ಕಾಲದಲ್ಲಿ ಹೆಂಡತಿಯನ್ನು ಎತ್ತಿಕೊಂಡೇ ಹಾರುತ್ತದೆ. ಅಂಥ ಜೋಡಿ ಬಲೆಗೆ ಬಿದ್ದರೆ ಸಾಕ್ಷಿ ಮತ್ತೇಕೆ? ಒಂದೇ ಗೂಡಿನಿಂದ ಗಂಡುಹೆಣ್ಣು ಎರಡೂ ಹೊರಬಂದರೂ ಸರಿಯೆ. ಅಮೆರಿಕದ ಮರುಭೂಮಿಯಲ್ಲಿ ರಾತ್ರಿ ತಿರುಗುವ ಮಖಮಲ್ ಇರುವೆಗಳಲ್ಲಿ ಈಗ ಡಿ.ಎನ್.ಎ. ನೋಡಿ ಎಷ್ಟೋ ಗಂಡಹೆಂಡಿರನ್ನು ಕೂಡಿಸಿದ್ದಾರೆ. ನಮ್ಮ ದೇಶದ ಹುಳುಗಳಲ್ಲಿ ಇನ್ನೂ ಎಷ್ಟೋ ಒಂಟಿಯಾಗಿಯೇ ಉಳಿದಿವೆ.

ಹುಡುಗಿಯ ಚಿತ್ರದ ವಿಷಯ ಏನಾಯಿತೆಂದು ವಾಚಕರು ಕೇಳದೆ ಬಿಡಲಾರರು. ಬಿಂಗ್‌ಹ್ಯಾಮ್ ಅವರ ಸಂಪುಟ ಈಗ ಕಂಪ್ಯೂಟರಿನಲ್ಲಿ ಬಿಟ್ಟಿಯಾಗಿ ಓದಲು ಸಿಕ್ಕುತ್ತದೆ. ಅದನ್ನೂ ಹೊಸ ಲೇಖನಗಳನ್ನೂ ಎದುರಿಗಿಟ್ಟುಕೊಂಡು ನಾವಿಬ್ಬರು ಮೂವರು ಒಂದು ಭಾನುವಾರವೆಲ್ಲ ಕುಳಿತೆವು. ಮಖಮಲ್ ಇರುವೆಗಳ ಕುಟುಂಬ ಎಂಬಲ್ಲಿ ಸಂದೇಹವಿಲ್ಲ. ಹೆಣ್ಣು ಎಂಬುದೂ ಖಂಡಿತ. ಜಾತಿ ಯಾವುದು ಎಂಬಲ್ಲಿ ಕೀಲಿ ನಿಂತುಹೋಯಿತು. ಎರಡನೆಯ ಉಂಗುರದ ಪಕ್ಕದ ಸಣ್ಣ ರೋಮದ ಗೆರೆಯನ್ನೂ ಹೊಟ್ಟೆಯ ತುದಿಯ ಫಲಕವನ್ನೂ ಕೇಳುತ್ತಿತ್ತು, ಚಿತ್ರದಲ್ಲಿ ಅವು ಕಾಣುತ್ತಿರಲಿಲ್ಲ. ಹುಡುಗಿಗೆ ಸುಳ್ಳು ಹೇಳುವುದು ಬೇಡವೆಂದು ಇದ್ದುದನ್ನು ಇದ್ದಂತೆ ಹೇಳಿದೆವು. ಅವಳು ತನ್ನ ಪುಸ್ತಕದಲ್ಲಿ ಕುಟುಂಬದ ಹೆಸರು ಬರೆದು, ಜಾತಿಯ ಮತ್ತು ಪ್ರಭೇದದ ಖಾನೆಗಳನ್ನು ಖಾಲಿ ಬಿಟ್ಟು, ಕೆಳಗೆ ದಿನಾಂಕವನ್ನೂ ಹಳ್ಳಿಯ ಹೆಸರನ್ನೂ ಹಾಕಿ ಹೊನ್ನಾವರ ತಾಲೂಕು, ಉತ್ತರ ಕನ್ನಡ, ಕರ್ನಾಟಕ ಎಂದು ತುಂಬಿದಳು. ಗಂಡು ಯಾವ ಹೂವಿಗೆ ಬರುತ್ತದೆ ಎಂದು ನಮ್ಮನ್ನು ಕೇಳಿದ್ದಾಳೆ. ದೀಪಾವಳಿಗೆ ಪನವೇಲಿನಿಂದ ಕೊಂಕಣ ರೈಲಿನ ಟಿಕೇಟು ತೆಗೆದಾಗಿದೆ. ಈ ಸಲ ದಿಬ್ಬದ ಅಂಚಿನ ಹೂಗಿಡಗಳ ಬಳಿ ಕಾದು ಕುಳಿತಿರುತ್ತಾಳಂತೆ.